ಕಂದೀಲಿನ ಗಾಜಿನೊಳಗೆ ಹೆಣ್ಣು ಮೀನು

ಹೋದ ತಿಂಗಳು ಯಾದಗಿರಿಯಲ್ಲಿ ಒಂದು ಹಳೆಯ ಕಟ್ಟಡದ ಹಿತ್ತಲಿಗೆ ಹೋಗಿದ್ದೆ. ಮೀನಿನ ಟ್ಯಾಂಕೊಂದು ಮಾರುವುದಿದೆ, ಬಂದು ನೋಡಿ ಎಂದು ಫೋನು ಬಂದಿತ್ತು. ಹೋಗಿ ನೋಡಿದರೆ ಟ್ಯಾಂಕಿನ ಮೂಲೆ ಸೀಳಿತ್ತು. ಬೆರಳಾಡಿಸಿ ನೋಡದೆ ಗಾಜಿನ ಸಾಮಾನು ಕೊಳ್ಳಬೇಡಿ ಎಂದು ನಾನು ಎಲ್ಲರಿಗೂ ಹೇಳುವುದು ಇದಕ್ಕೇ. ವಾಪಸು ಹೊರಟವನು ಬಾದಾಮಿ ಗಿಡದ ಕೆಳಗೆ ನಿಂತುಬಿಟ್ಟೆ. ಕೆಂಪಾಗಿ ಉದುರಿದ ಎಲೆಗಳು ಅಲ್ಲಿದ್ದ, ದನ ನೀರು ಕುಡಿಯುವ ಕಲ್ಲಿನ ದೋಣಿಯಲ್ಲಿ ಬಿದ್ದು, ಮಳೆನೀರಿನಲ್ಲಿ ನೆನೆದು, ನೀರು ಹಾಲಿಲ್ಲದ ಚಹಾದ ಬಣ್ಣಕ್ಕೆ ತಿರುಗಿತ್ತು. ಬಗ್ಗಿ ಮೂಸಿದೆ. ತುಸು ಒಗರು, ತುಸು ಮಣ್ಣು, ತುಸು ಹಳೆಯ ಕಟ್ಟಿಗೆ. ಫೈಟರ್ ಮೀನು ಸಾಕುವ ನೀರಿನ ವಾಸನೆ ಅದು. ನನ್ನ ತಂಗಿ ಚಂದ್ರಿ ನಮ್ಮ ಮನೆಯಲ್ಲಿದ್ದ ಆ ಒಂದು ಮಳೆಗಾಲದಲ್ಲಿ ಅಂಗಡಿಗೆ, ಅಡುಗೆಮನೆಗೆ, ಅವಳ ಕೈಗಳಿಗೆ ಇದೇ ವಾಸನೆ ಹತ್ತಿತ್ತು.

ಆಗ ಯಾದಗಿರಿ ಜಿಲ್ಲೆಯಾಗಿ ಇನ್ನೂ ಹೊಸತು. ನಮ್ಮನ್ನು ಗುಲಬರ್ಗಾದಿಂದ ಬಿಡಿಸಿ, ಶಹಾಪುರ ಸುರಪುರಗಳನ್ನು ನಮ್ಮ ಜೊತೆ ಕೂಡಿಸಿದ್ದರು. ಜಿಲ್ಲೆ ತಮ್ಮೂರಿಗೆ ಬರಬೇಕಿತ್ತೆಂದು ಶಹಾಪುರದವರಿಗೆ ಸಿಟ್ಟು. ರಾಜರು ಆಳಿದ ಊರು ತಮ್ಮದೆಂದು ಸುರಪುರದವರಿಗೆ ಗತ್ತು. ರೈಲು ನಿಲ್ಲುವುದು ನಮ್ಮಲ್ಲೇ ಎಂದು ನಮಗೆ ಸೊಕ್ಕು. ಸ್ವಂತ ಕಟ್ಟಡವಿಲ್ಲದ ಕಚೇರಿಗಳು ಎರಡೆರಡು ಸೇರಿ ಒಂದೊಂದು ಬಾಡಿಗೆ ಮನೆಯಲ್ಲಿ, ನಡುವೆ ಪ್ಲೈವುಡ್ ನಿಲ್ಲಿಸಿಕೊಂಡು, ಒಂದರ ಫ್ಯಾನಿನ ಗಾಳಿ ಇನ್ನೊಂದಕ್ಕೆ ಹೋಗದಂತೆ ನೋಡಿಕೊಂಡು ಕೂತಿದ್ದವು.

ಊರಿಗೆ ಹೊಸಬರು ಬಂದಾಗ ಇವರ ಹತ್ತಿರ ಏನಿಲ್ಲ ಎಂದು ಮೊದಲು ನೋಡಬೇಕು. ಅದನ್ನು ಮಾರಬೇಕು. ನಾನು ಕೈಗಾಡಿಯಲ್ಲಿ ಪ್ಲಾಸ್ಟಿಕ್ ಬಕೆಟ್ಟು ಮಾರುತ್ತಿದ್ದವನು. ಬಕೆಟ್ಟು ಕೊಡಲು ಹೋದ ಒಬ್ಬ ಸಾಹೇಬರ ಮನೆಯಲ್ಲಿ ಬಣ್ಣದ ಮೀನು ನೋಡಿದೆ. ಅವರು ಅದನ್ನು ಬೆಂಗಳೂರಿನಿಂದ ತೊಡೆಯ ಮೇಲಿಟ್ಟುಕೊಂಡು ತಂದಿದ್ದರಂತೆ. ಮುಂದಿನ ವಾರವೇ ಹೈದರಾಬಾದಿಗೆ ಹೋಗಿ, ಗಾಳಿ ತುಂಬಿದ ಚೀಲಗಳಲ್ಲಿ ಮೀನು ತಂದು, ಸ್ಟೇಷನ್ ರಸ್ತೆಯಲ್ಲಿ ಒಂದು ಸಣ್ಣ ಮಳಿಗೆ ಹಿಡಿದೆ. ಭೀಮಾ ನದಿಯ ಮೀನನ್ನು ಬುಟ್ಟಿಯಲ್ಲಿ ಹೊತ್ತು ಮಾರಿ ನಮ್ಮನ್ನು ಬೆಳೆಸಿದ ಅವ್ವ ಮಳಿಗೆಗೆ ಬಂದು, ಸಾಲಾಗಿಟ್ಟ ಬಾಟಲಿಗಳನ್ನು ನೋಡಿ ಬಾಯಿಗೆ ಸೆರಗು ಹಿಡಿದಳು.

“ತಿನ್ನಂಗಿಲ್ಲ, ಹುರಿಯಂಗಿಲ್ಲ. ಇದಕ್ಕ ರೊಕ್ಕಾ ಯಾರ ಕೊಡ್ತಾರ ತಮ್ಮಾ?”

“ನೋಡಾಕ ಕೊಡ್ತಾರವ್ವ.”

“ನೋಡಾಕ ಹೊಳಿ ಇಲ್ಲೇನು?”

ಫೈಟರ್ ಮೀನೆಂದರೆ ಬೆರಳಿನಷ್ಟು ಉದ್ದ, ಗಂಟಲಿನವರೆಗೆ ಸಿಟ್ಟು. ಅದಕ್ಕೆ ಗಾಳಿಯ ಮೋಟಾರು ಬೇಡ. ನೀರಿನ ಮೇಲಕ್ಕೆ ಬಂದು ಬಾಯಿ ತೆರೆದು ಉಸಿರು ತೆಗೆದುಕೊಂಡು ಹೋಗುತ್ತದೆ. ಕರೆಂಟು ಇದ್ದದ್ದಕ್ಕಿಂತ ಇಲ್ಲದ್ದೇ ಹೆಚ್ಚಾಗಿದ್ದ ನಮ್ಮೂರಿಗೆ ಹೇಳಿ ಮಾಡಿಸಿದ ಮೀನು. ಆದರೆ ಇದರಲ್ಲಿ ಗಂಡು ಯಾವುದು ಹೆಣ್ಣು ಯಾವುದು ಎಂಬುದರಲ್ಲಿ ಊರಿಗೆ ಊರೇ ತಪ್ಪಿತು. ಮೊದಲು ತಪ್ಪಿದವಳು ಅವ್ವ.

“ಇದು ಹೆಣ್ಣದ. ಸೆರಗ ನೋಡು, ನೆಲಕ್ಕ ಬಿಟ್ಟದ. ಈ ಸಣ್ಣದು ಗಂಡು. ಕಚ್ಚಿ ಬಿಗದು ದುಡ್ಯಾಕ ಹೊಂಟಂಗದ.”

ಸೀರೆಯುಟ್ಟಂತೆ ಉದ್ದ ರೆಕ್ಕೆ, ಜರಿ ಅಂಚಿನಂತೆ ಹೊಳೆಯುವ ಬಾಲ ಇರುವುದು ಗಂಡು. ಬಣ್ಣ ಮಾಸಿ, ರೆಕ್ಕೆ ಮೊಟಕಾಗಿ, ಗುಂಡಗಿರುವುದು ಹೆಣ್ಣು. ಇದನ್ನು ಹೇಳಿದರೆ ಗಿರಾಕಿಗಳು ನನ್ನನ್ನೇ ಅನುಮಾನದಿಂದ ನೋಡುತ್ತಿದ್ದರು. ಶಹಾಪುರದಿಂದ ವರ್ಗವಾಗಿ ಬಂದಿದ್ದ ಗುಮಾಸ್ತರೊಬ್ಬರು, “ಹೆಣ್ಣು ಹೆಣ್ಣು ಇಟ್ರ ಜಗಳ ಇರಂಗಿಲ್ಲ, ಎರಡೂ ಹೆಣ್ಣೇ ಕೊಡ್ರಿ” ಎಂದು ಉದ್ದ ಸೆರಗಿನವೆರಡನ್ನು ಆರಿಸಿದರು. ಎರಡೂ ಗಂಡು ಎಂದು ಹೇಳಿದೆ. ಕಡಿಮೆ ದರದ ಮೀನು ತಗಲಿಹಾಕಲು ನೋಡುತ್ತಿದ್ದೇನೆ ಎಂದುಕೊಂಡರು. ಮರುದಿನ ಮುಂಜಾನೆ ಒಂದು ಸತ್ತದ್ದನ್ನೂ ಒಂದು ಬಾಲವಿಲ್ಲದ್ದನ್ನೂ ತಂದು ನನ್ನ ಮುಂದಿಟ್ಟು, “ನಿಮ್ಮ ಯಾದಗಿರಿ ಹೆಣ್ಣು ಭಾಳ ಜೋರದಾವ” ಎಂದರು.

ಕೊಳ್ಳುವವರಿಗೆ ಹೇಳುತ್ತೇನೆ, ರೆಕ್ಕೆಯೊಂದನ್ನೇ ನಂಬಬೇಡಿ. ಮರಿಯಾಗಿದ್ದಾಗ ಗಂಡಿಗೂ ರೆಕ್ಕೆ ಮೊಟಕೇ. ಮೊಟಕು ರೆಕ್ಕೆಯ ಗಂಡಿನ ಜಾತಿಯೂ ಇದೆ. ಹೊಟ್ಟೆಯ ಅಡಿಗೆ, ಮುಂದಿನ ಎರಡು ಸಣ್ಣ ರೆಕ್ಕೆಗಳ ಹಿಂದೆ ನೋಡಿ. ರವೆ ಕಾಳಿನಂಥ ಬಿಳಿ ಚುಕ್ಕೆ ಇದ್ದರೆ ಹೆಣ್ಣು. ಸಣ್ಣ ಕನ್ನಡಿ ತೋರಿಸಿ. ಕಿವಿರು ಅರಳಿಸಿ ಗಲ್ಲದ ಕೆಳಗೆ ಗಡ್ಡದಂಥ ಪೊರೆ ಬಿಟ್ಟು ಎದುರು ನಿಂತರೆ ಗಂಡು. ಹೆಣ್ಣೂ ಕಿವಿರು ಅರಳಿಸುತ್ತದೆ, ಆದರೆ ಅದರ ಗಡ್ಡ ಕಂಡೂ ಕಾಣದಷ್ಟು. ಇಷ್ಟು ಗೊತ್ತಿದ್ದರೆ ಯಾವ ಅಂಗಡಿಯವನೂ ನಿಮಗೆ ಟೋಪಿ ಹಾಕಲಾರ.

ಚಂದ್ರಿ ಬಂದದ್ದು ಆ ವರ್ಷದ ಪಂಚಮಿಗೆ.

ನಮ್ಮದು ಕೊಟ್ಟು ತಂದ ಸಂಬಂಧ. ಸಾಟಿ ಎನ್ನುತ್ತಾರೆ. ಸುರಪುರದ ಆಚೆಗಿನ ಒಂದು ಹಳ್ಳಿಯ ಹಣಮಂತನಿಗೆ ನಮ್ಮ ಚಂದ್ರಿಯನ್ನು ಕೊಟ್ಟು, ಅವನ ತಂಗಿ ದೇವಮ್ಮನನ್ನು ನನಗೆ ತಂದಿದ್ದರು. ಒಂದೇ ಹಂದರ, ಒಂದೇ ಅಡುಗೆ, ಎರಡು ಮದುವೆ. ಖರ್ಚು ಉಳಿಯುತ್ತದೆ, ಎರಡೂ ಕಡೆ ಹೆಣ್ಣಿಗೆ ಭದ್ರ ಎಂದು ಹಿರಿಯರ ಲೆಕ್ಕ. ನಿಮ್ಮ ಮಗಳು ನಮ್ಮಲ್ಲಿ, ನಮ್ಮ ಮಗಳು ನಿಮ್ಮಲ್ಲಿ, ಯಾರು ಯಾರಿಗೆ ಕೆಟ್ಟದ್ದು ಮಾಡಿಯಾರು. ಕೇಳಲು ಚೊಕ್ಕ ಒಪ್ಪಂದ. ವ್ಯಾಪಾರಿಯಾದ ನನಗೂ ಅದರಲ್ಲಿ ಖೋಟಾ ಕಂಡಿರಲಿಲ್ಲ.

ದೇವಮ್ಮ ನನಗೆ ಹೇಗೆ ಒದಗಿಬಂದಳೆಂದರೆ, ಮಳಿಗೆಗೆ ಬಂದ ಗಿರಾಕಿ ಏನನ್ನೂ ಕೊಳ್ಳದೆ ಹೋದರೆ, “ರೀ, ನೀವು ಜಾಸ್ತಿ ಹೇಳಿದ್ರಿ. ಮೀನು ಮಾರ್ರಿ, ಬುದ್ಧಿ ಮಾರಬ್ಯಾಡ್ರಿ” ಎಂದು ನಗುತ್ತಿದ್ದಳು. ನನಗೆ ಹಾಗೆ ಹೇಳುವ ಧೈರ್ಯ ಇದ್ದದ್ದು ಅವಳೊಬ್ಬಳಿಗೇ.

ಪಂಚಮಿಗೆ ಹೆಣ್ಣುಮಕ್ಕಳನ್ನು ತವರಿಗೆ ಕರೆಯುವುದು ವಾಡಿಕೆ. ನಾನು ಹೋಗಿ ಚಂದ್ರಿಯನ್ನು ಕರೆತಂದೆ, ಹಣಮಂತ ಬಂದು ದೇವಮ್ಮನನ್ನು ಕರೆದೊಯ್ದ. ಬಸ್ಸಿನಲ್ಲಿ ಚಂದ್ರಿ ಸೆರಗನ್ನು ಎಡಗಿವಿಯ ಮೇಲೆ ಎಳೆದುಕೊಂಡೇ ಕೂತಿದ್ದಳು. ಮನೆಗೆ ಬಂದು ಅವ್ವ ತಲೆಗೆ ಎಣ್ಣೆ ಹಚ್ಚಲು ಕೂಡಿಸಿಕೊಂಡಾಗ ಕಂಡಿತು. ಬೆಂಡೋಲೆ ಹಾಕುವ ಕಡೆ ಕಿವಿ ಕೆಳಗಿನವರೆಗೆ ಹರಿದು ಎರಡು ಸೀಳಾಗಿತ್ತು.

“ಕೂದಲಾಗ ಸಿಗಬಿದ್ದಿತ್ತು” ಎಂದಳು.

“ಯಾರ ಕೂದಲಾಗ?” ಎಂದು ಅವ್ವ ಕೇಳಿದಳು.

ಚಂದ್ರಿ ಸೆರಗನ್ನು ಮತ್ತೆ ಕಿವಿಯ ಮೇಲೆ ಎಳೆದುಕೊಂಡಳು. ಉಂಡಿ ತಿಂದಳು, ಜೋಕಾಲಿ ಆಡಿದಳು. ಹಬ್ಬ ಮುಗಿದು ಬಟ್ಟೆ ಕಟ್ಟಿಕೋ ಎಂದ ದಿನ, “ಒಲ್ಲೆ” ಎಂದಳು. ಅದೊಂದೇ ಮಾತು. ಅಲ್ಲಿಂದ ಹಣಮಂತ ಫೋನು ಮಾಡಿದ. “ಮಾಮಾ, ಆಕಿ ಬರಂಗಿಲ್ಲಂದ್ರ ಈಕಿನೂ ಬರಂಗಿಲ್ಲ. ನಾ ಹೊಸದು ಹೇಳಾಕತ್ತಿಲ್ಲ. ಕೊಟ್ಟು ತಂದದ್ದು.” ಬೈಯಲಿಲ್ಲ, ದನಿ ಏರಿಸಲಿಲ್ಲ. ಹಣಮಂತ ಕುಡಿಯುವವನಲ್ಲ, ಇಸ್ಪೀಟು ಆಡುವವನಲ್ಲ, ಹೊಲದಲ್ಲಿ ಎತ್ತಿನಂತೆ ದುಡಿಯುವವನು. ಅದೇ ತೊಡಕಾಯಿತು. ಕುಡಿಯುವವನಾಗಿದ್ದರೆ ಕುಡಿತ ಬಿಡು ಎಂದು ಕರಾರು ಹಾಕಬಹುದಿತ್ತು. ಸಿಟ್ಟಿಗೆ ಯಾವ ಕರಾರು ಹಾಕುತ್ತೀರಿ?

ಠಾಣೆಗೆ ಹೋಗೋಣ ಎಂದು ನಾನೇ ಚಂದ್ರಿಗೆ ಹೇಳಿದೆ. ಅವಳು ನನ್ನನ್ನು ನೋಡಿ, “ಹೋಗು. ಹೋಗಿಬಂದ ಮ್ಯಾಲ ದೇವಮ್ಮನ ಮಾರಿ ಮತ್ತ ನೋಡ್ತೀಯೇನು?” ಎಂದಳು. ಅವ್ವನನ್ನು ಕೇಳಿದರೆ, “ನನಗ ಎರಡೂ ಕಣ್ಣೇ. ಯಾವುದು ಕಿತ್ತಿಡ್ಲಿ ಹೇಳು” ಎಂದು ಗೋಡೆಯ ಕಡೆ ತಿರುಗಿ ಕೂತಳು.

ಹೀಗೆ ಶ್ರಾವಣ ಕಳೆಯಿತು. ಆ ವರ್ಷ ಮಳೆ ಬಿಡದೆ ಹಿಡಿದಿತ್ತು. ಸ್ಟೇಷನ್ ರಸ್ತೆಯ ಕೆಸರು ಮಳಿಗೆಯ ಮೆಟ್ಟಿಲಿಗೆ ಬಂದಿತ್ತು. ದೇವಮ್ಮನಿಲ್ಲದ ಮಳಿಗೆಯಲ್ಲಿ ಚಂದ್ರಿ ಕೂತಳು. ಸುಮ್ಮನೆ ಕೂರುವವಳಲ್ಲ. ನದಿಯ ಮನೆಯ ಮಗಳು, ಮೀನಿಗೆ ಕೈ ಹೆದರದು. ಬಾದಾಮಿ ಎಲೆ ಒಣಗಿಸಿ ನೀರಿಗೆ ಹಾಕಿದರೆ ಹರಿದ ರೆಕ್ಕೆ ಬೇಗ ಕೂಡುತ್ತದೆ ಎಂದು ನಾನು ಹೇಳಿಕೊಟ್ಟೆ. ಗುಮಾಸ್ತರು ತಂದುಕೊಟ್ಟ ಬಾಲವಿಲ್ಲದ ಗಂಡು ಎಲೆಯ ನೀರಿನಲ್ಲಿ ದಿನದಿನಕ್ಕೆ ಬಾಲ ಬಿಡುವುದನ್ನು ಅವಳು ಬಾಟಲಿಗೆ ಮುಖ ಹಚ್ಚಿ ನೋಡುತ್ತಿದ್ದಳು. ಒಮ್ಮೆ ತನ್ನ ಕಿವಿಯನ್ನೂ ಆ ನೀರಿನಿಂದ ತೊಳೆದುಕೊಂಡದ್ದನ್ನು ಕಂಡೆ. ಕಾಣದವನಂತೆ ಹೊರಗೆ ಹೋದೆ.

ಹೈದರಾಬಾದಿನ ಸಗಟು ಅಂಗಡಿಯವನು ಹೆಣ್ಣೆಂದು ಕಳಿಸಿದ ಚೀಲದಲ್ಲಿ ಗಂಡು ಮರಿಗಳನ್ನು ಬೆರೆಸುತ್ತಿದ್ದ. ಚಂದ್ರಿ ಚೀಲವನ್ನು ಬೆಳಕಿಗೆ ಎತ್ತಿ ಹಿಡಿದು, “ಇದು ಗಂಡು, ಇದು ಗಂಡು, ಇದೊಂದು ಹೆಣ್ಣು, ಇದೂ ಗಂಡೇ ಅಣ್ಣಾ, ಸುಮ್ಕ ಬಗ್ಗಿ ಕೂತದ” ಎಂದು ನನಗಿಂತ ಬೇಗ ಬೇರೆ ಮಾಡುತ್ತಿದ್ದಳು. ಗಿರಾಕಿಗಳ ಜೊತೆ ಅವಳ ಮಾತು ನನ್ನದಕ್ಕಿಂತ ಗಿಡ್ಡ. ಹೊಸದಾಗಿ ಮದುವೆಯಾದ ಮಾಸ್ತರರೊಬ್ಬರು ಹೆಂಡತಿಯ ಜೊತೆ ಬಂದು, “ಒಂದು ಗಂಡು ಒಂದು ಹೆಣ್ಣು ಕೊಡ್ರಿ. ಕೂಡಿ ಇಡ್ತೀವಿ, ಚಂದ ಸಂಸಾರ ಮಾಡ್ತಾವ” ಎಂದರು.

“ಇಡ್ರಿ ಸರ್” ಎಂದಳು ಚಂದ್ರಿ. “ಮುಂಜಾನಿ ಅಂಗಡಿ ಎಷ್ಟಕ್ಕ ತೆಗೀತಾರ ಅಂತ ಕೇಳಿಕೊಂಡು ಹೋಗ್ರಿ. ಒಂದು ವಾಪಸ್ ತರಾಕ ಬರ್ತೀರಿ.”

ಮಾಸ್ತರರ ಹೆಂಡತಿ ನಕ್ಕಳು. ಮಾಸ್ತರರು ನಗಲಿಲ್ಲ. ಎರಡು ಬೇರೆ ಬೇರೆ ಬಾಟಲಿ ತೆಗೆದುಕೊಂಡು ಹೋದರು.

ನೋಡಿ, ಗಂಡು ಹೆಣ್ಣನ್ನು ಒಂದೇ ನೀರಿನಲ್ಲಿ ಬಿಡುವುದು ಮರಿ ಮಾಡಿಸುವಾಗ ಮಾತ್ರ, ಅದೂ ಕಣ್ಣೆದುರಿಗೆ. ಅದಕ್ಕೆ ನಾನು ಕಂಡುಕೊಂಡ ಉಪಾಯ ಕಂದೀಲಿನ ಗಾಜು. ಮೇಲೂ ಬಾಯಿ, ಕೆಳಗೂ ಬಾಯಿ. ಅಗಲ ಪ್ಲಾಸ್ಟಿಕ್ ಟಬ್ಬಿನಲ್ಲಿ ಗೇಣು ನೀರು ಹಾಕಿ, ಗಂಡನ್ನು ಬಿಟ್ಟು, ನಡುವೆ ಗಾಜನ್ನು ನೆಟ್ಟಗೆ ನಿಲ್ಲಿಸಿ ಅದರೊಳಗೆ ಹೆಣ್ಣನ್ನು ಬಿಡಬೇಕು. ಗಾಜಿನ ಮೇಲ್ತುದಿ ನೀರಿನಿಂದ ಮೇಲಿರಬೇಕು. ಗಂಡು ಅವಳನ್ನು ನೋಡುತ್ತಾನೆ, ಮುಟ್ಟಲಾರ. ಸುತ್ತುತ್ತಾನೆ, ಗಾಜಿಗೆ ಹಾಯುತ್ತಾನೆ, ಆಮೇಲೆ ನೀರಿನ ಮೇಲೆ ನೊರೆಗುಳ್ಳೆಗಳ ಗೂಡು ಕಟ್ಟತೊಡಗುತ್ತಾನೆ. ಗೂಡು ದಪ್ಪಗಾಗಿ, ಹೆಣ್ಣಿನ ಮೈಮೇಲೆ ಅಡ್ಡಪಟ್ಟೆ ಮೂಡಿದ ಮೇಲೆ ಗಾಜು ಎತ್ತಬೇಕು. ಅವಸರ ಮಾಡಿದರೆ ಹೆಣ್ಣು ಹೋಯಿತು.

ಒಂದು ಮೋಡದ ಮಧ್ಯಾಹ್ನ, ಮಳಿಗೆಯಲ್ಲಿ ಯಾರೂ ಇಲ್ಲದಾಗ, ಚಂದ್ರಿಯ ಕೈಯಿಂದಲೇ ಗಾಜು ಎತ್ತಿಸಿದೆ. ಹಸಿರು ಹೆಣ್ಣು, ನೀಲಿ ಗಂಡು. ಗಂಡು ಗೂಡಿನ ಕೆಳಗೆ ಅವಳನ್ನು ಮೈ ಬಾಗಿಸಿ ಸುತ್ತಿಕೊಂಡಿತು. ಬಿಳಿ ತತ್ತಿಗಳು ಉದುರಿದವು. ಗಂಡು ಅವನ್ನು ಒಂದೊಂದೇ ಬಾಯಿಯಲ್ಲಿ ಹೆಕ್ಕಿ ಗೂಡಿಗೆ ಉಗುಳಿತು. ಮತ್ತೆ ಸುತ್ತಿಕೊಂಡಿತು. ಚಂದ್ರಿ ಟಬ್ಬಿನ ಮೇಲೆ ಬಗ್ಗಿ ನೋಡುತ್ತಿದ್ದಳು. ತತ್ತಿ ಮುಗಿದದ್ದೇ ತಡ ಗಂಡು ತಿರುಗಿ ಹೆಣ್ಣಿನ ಬಾಲಕ್ಕೆ ಬಾಯಿ ಹಾಕಿತು. ನಾನು ಚಹಾ ಜರಡಿಗೆ ಕೈ ಚಾಚುವಷ್ಟರಲ್ಲಿ ಚಂದ್ರಿ ಬರಿಗೈಯಿಂದ ಹೆಣ್ಣನ್ನು ಎತ್ತಿಕೊಂಡು ಪಕ್ಕದ ಬಾಟಲಿಗೆ ಬಿಟ್ಟಿದ್ದಳು.

“ತಗೀಲಿಲ್ಲಂದ್ರ?”

“ಹರೀತಾನ.”

“ಯಾಕ? ಈಗಷ್ಟೇ ಕೂಡಿತ್ತಲ್ಲ.”

“ತತ್ತಿ ಕಾಯಬೇಕಲ್ಲ ಅವ. ಅವನ ಕಣ್ಣಿಗಿ ಆಕಿನೂ ಕಳ್ಳಿನೇ. ತತ್ತಿ ತಿಂತಾಳಂತ ಅನುಮಾನ.”

ಚಂದ್ರಿ ಕೈ ಒರೆಸಿಕೊಂಡಳು. “ಹಂಗಾದ್ರ ಮೀನ ಚೊಲೋ. ಕಾರಣಾರ ಅದ.”

ನಾನು ಜರಡಿಯನ್ನು ಮೊಳೆಗೆ ಸಿಕ್ಕಿಸಿದೆ.

ದೇವಮ್ಮನಿಗೆ ನಾನು ಫೋನು ಮಾಡುತ್ತಲೇ ಇದ್ದೆ. ಹಣಮಂತ ತಡೆಯುತ್ತಿರಲಿಲ್ಲ. “ತಗೊ, ಮಾಮಾ ಮಾತಾಡ್ತಾರಂತ” ಎಂದು ತಾನೇ ಕರೆದು ಕೊಡುತ್ತಿದ್ದ. ಒಂದು ಸಲ ಅವಳು, “ನನ್ನ ಸಲುವಾಗಿ ಚಂದ್ರಿನ ಕಳಸಬ್ಯಾಡ್ರಿ” ಎಂದಳು. ಆಮೇಲೆ, “ಆದ್ರ ನಾ ಎಷ್ಟು ದಿನಾ ಇಲ್ಲಿರಲಿ, ಅದನ್ನಾರ ಹೇಳ್ರಿ” ಎಂದಳು. ದರ ಕೇಳಿದರೆ ಥಟ್ಟನೆ ಹೇಳುವವನು ನಾನು. ಮಳೆ ಹೆಚ್ಚಾಗಿದೆಯೇ ಎಂದು ಕೇಳಿ ಫೋನು ಇಟ್ಟೆ.

ಮಹಾನವಮಿ ಕಳೆದ ಮೇಲೆ ಹಿರಿಯರು ಕೂಡಿಸಲು ನಿಂತರು. ಯಾದಗಿರಿಗೆ ಹಣಮಂತನ ಕಡೆಯವರು ಬರರು, ಸುರಪುರಕ್ಕೆ ನಾವು ಹೋಗೆವು. ನಡುವಿನ ಶಹಾಪುರದಲ್ಲಿ ಸಾಬಣ್ಣ ಕಾಕಾನ ಮನೆ ಗೊತ್ತಾಯಿತು. ಎರಡೂ ಮನೆಗೆ ಬೇಕಾದವನು, ನಮ್ಮ ಜೋಡಿ ಮದುವೆ ಮಾಡಿಸಿದವನೂ ಅವನೇ. ಪಡಸಾಲೆಯಲ್ಲಿ ಕಂಬಳಿ ಹಾಸಿದ್ದರು. ತೆರೆದ ಬಾಗಿಲಿನಲ್ಲಿ ಮಲಗಿದ ಬುದ್ಧನಂತಿರುವ ಆ ಊರ ಗುಡ್ಡ ಮಳೆಯಲ್ಲಿ ತೊಳೆದು ಹಸಿರಾಗಿ ಕಾಣುತ್ತಿತ್ತು. ಹಣಮಂತ ಒಂದು ಕಡೆ, ನಾನು ಒಂದು ಕಡೆ. ಚಂದ್ರಿ, ಅವ್ವ ಅಡುಗೆಮನೆಯ ಬಾಗಿಲ ಹಿಂದೆ. ದೇವಮ್ಮನನ್ನು ಅವನು ಕರೆತಂದಿರಲಿಲ್ಲ. ನಾನಾಗಿದ್ದರೂ ತರುತ್ತಿರಲಿಲ್ಲ. ವ್ಯವಹಾರ ಕುದುರುವ ಮುಂಚೆ ಮಾಲು ಕಣ್ಣಿಗೆ ಹಾಕಬಾರದು.

ಚೌಕಾಶಿಯಲ್ಲಿ ಮೊದಲು ದೊಡ್ಡದನ್ನು ಕೇಳಬೇಕು. ಕೇಳಿದೆ. “ಕಾಕಾ, ಯಾರು ಎಲ್ಲಿ ಸುಖದಾಗ ಅದಾರೋ ಅಲ್ಲಿ ಇರಲಿ. ದೇವಮ್ಮ ನನ್ನ ಮನಿಗಿ ಬರಲಿ. ಚಂದ್ರಿ ತವರಾಗ ಇರಲಿ.”

ಸಾಬಣ್ಣ ಕಾಕಾ ಎಲೆಗೆ ಸುಣ್ಣ ಸವರುತ್ತಾ ನಕ್ಕ. “ಜೋಡೆತ್ತಿನಾಗ ನನ್ನ ಎತ್ತು ನಾ ಹೊಡ್ಕೊಂಡು ಹೋಗ್ತೀನಿ, ನಿನ್ನ ಎತ್ತೂ ಇತ್ತಕಡಿ ತಾ ಅಂತೀಯಲ್ಲೋ. ಬಂಡಿ ಯಾರು ಎಳೀಬೇಕು?”

“ನನ್ನ ಮನ್ಯಾಗ ಅವ್ವ ಇಲ್ಲ” ಎಂದ ಹಣಮಂತ. “ರೊಟ್ಟಿ ಬಡಿಯಾಕ ಒಂದು ಕೈ ಬೇಕು. ಹೆಂಡ್ತಿ ಬರಲಿ, ಇಲ್ಲಾ ತಂಗಿ ಇರಲಿ. ನಾ ತಪ್ಪು ಮಾತಾಡಿದ್ರ ಹೇಳ್ರಿ.”

ತಪ್ಪು ಮಾತಾಡುತ್ತಿರಲಿಲ್ಲ. ಒಂದು ಹೆಜ್ಜೆ ಇಳಿದೆ. ನೀನೇ ಯಾದಗಿರಿಗೆ ಬಾ, ಜಿಲ್ಲೆಯಾಗಿದೆ, ಕೆಲಸಕ್ಕೆ ಬರವಿಲ್ಲ, ನನ್ನ ಪಕ್ಕದಲ್ಲೇ ಮನೆ ನೋಡುತ್ತೇನೆ ಎಂದೆ. “ಹೊಲಾ ಎತ್ತಿಕೊಂಡು ಬರಾಕ ಬರ್ತದೇನು ಮಾಮಾ?” ಎಂದ. ಹಾಗಾದರೆ ಕೈ ಮಾಡುವುದಿಲ್ಲ ಎಂದು ಹಿರಿಯರ ಮುಂದೆ ಆಣೆ ಮಾಡು ಎಂದೆ. ಅವನು ಕಂಬಳಿಯ ಎಳೆಯೊಂದನ್ನು ಕಿತ್ತ.

“ಮಾಡ್ತೀನಿ. ಸಿಟ್ಟು ಬಂದಾಗ ನೆನಪಿರ್ತದೋ ಇಲ್ಲೋ ನಂಗೊತ್ತಿಲ್ಲ. ಸುಳ್ಳು ಯಾಕ ಹೇಳ್ಲಿ?”

ಇಂಥ ಪ್ರಾಮಾಣಿಕನ ಜೊತೆ ಚೌಕಾಶಿ ಮಾಡುವುದು ಹೇಗೆಂದು ನನಗೆ ಇವತ್ತಿಗೂ ಗೊತ್ತಿಲ್ಲ. ಆಗ ಬಾಗಿಲ ಹಿಂದಿನಿಂದ ಚಂದ್ರಿಯ ದನಿ ಬಂತು.

“ಕಾಕಾ, ನಾ ಹೋಗ್ತೀನಿ.”

“ನೀ ಸುಮ್ಕಿರು” ಎಂದೆ.

“ನೀ ಸುಮ್ಕಿರಣ್ಣಾ. ನನಗ ಒಂದು ಬೇಕು. ಅಲ್ಲಿ ಮನ್ಯಾಗ ಬಾಜೂಕ ಖೋಲಿ ಅದಲ್ಲ, ಖಾಲಿ ಬಿದ್ದದ್ದು. ಅದು ನನಗಿರಲಿ. ಅದಕ್ಕ ಒಳಗಿಂದ ಚಿಲಕಾ ಬೇಕು.”

“ಗಂಡ ಹೆಂಡ್ತಿಗೆ ಬ್ಯಾರೆ ಖೋಲಿ ಯಾಕವ್ವ?” ಎಂದ ಸಾಬಣ್ಣ ಕಾಕಾ.

“ದಿನಾ ಅಲ್ಲ ಕಾಕಾ. ಇವರಿಗಿ ಸಿಟ್ಟು ಬಂದಾಗ ಅಷ್ಟೇ. ಇಳದ ಮ್ಯಾಲ ನಾನೇ ತೆಗೀತೀನಿ.”

ಹಣಮಂತ ತಲೆ ತಗ್ಗಿಸಿಕೊಂಡೇ, “ಆತು” ಎಂದ.

ಅವಳು ಹೋಗುವುದು ಬೇಡ ಎಂದು ನಾನು ಇನ್ನೆರಡು ಸಲ ಹೇಳಿದೆ. ಯಾರೂ ಕೇಳಲಿಲ್ಲ, ಅವಳೂ ಕೇಳಲಿಲ್ಲ. ಆಮೇಲೆ ಉಳಿದದ್ದು ಸಿಕ್ಕದ್ದನ್ನು ಗಟ್ಟಿ ಮಾಡಿಕೊಳ್ಳುವುದು. ಅದರಲ್ಲಿ ನಾನು ಕಡಿಮೆಯವನಲ್ಲ. ಯಾವ ಖೋಲಿ, ಬಾಗಿಲು ಯಾವ ಕಟ್ಟಿಗೆ, ಬಾಗಿಲಿಗೆ ಸಂದಿ ಇದೆಯೇ, ಕಿಟಕಿಗೆ ಸರಳಿವೆಯೇ, ಎಲ್ಲ ಕೇಳಿದೆ. ಚಿಲಕ ನಾನೇ ಕೊಡಿಸುತ್ತೇನೆ ಎಂದೆ. ದೀಪಾವಳಿಯೊಳಗೆ ಹೊಡೆಸಬೇಕು, ಸಾಬಣ್ಣ ಕಾಕಾ ಹೋಗಿ ನೋಡಬೇಕು ಎಂದೆ. ಹಣಮಂತ ಎಲ್ಲದಕ್ಕೂ ಹೂಂ ಎಂದ. ವ್ಯವಹಾರ ಮುಗಿದ ಮೇಲೆ ಎದುರಿನವನಿಗೆ ಒಂದು ಒಳ್ಳೆಯ ಮಾತು ಕೊಟ್ಟು ಕಳಿಸಬೇಕು, ಮನಸ್ಸು ಹಗುರಾಗುತ್ತದೆ. ಅದಕ್ಕೆ ಎಲೆ ಅಡಿಕೆ ಹಾಕಿಕೊಳ್ಳುತ್ತಾ ಹೇಳಿದೆ, “ಹಣಮಂತ, ಈ ಸಲ ಹತ್ತಿ ಗಡಬಡಿಸಿ ಮಾರಬ್ಯಾಡ. ಸ್ಟೇಷನ್ನಿನಾಗ ದಲಾಲರು ಮಾತಾಡೋದು ಕೇಳೀನಿ. ಶಿವರಾತ್ರಿ ತನಕ ತಡಿ. ರೇಟು ಎಲ್ಲಿಗೋ ಹೋಗ್ತದ.” ಅವನ ಮುಖ ಅರಳಿತು. “ಹೌದೇನ್ರಿ ಮಾಮಾ?” ಎಂದ.

ಮುಂದಿನ ವಾರ ಅದಲುಬದಲೂ ಶಹಾಪುರದಲ್ಲೇ ಆಯಿತು, ಬಸ್ ನಿಲ್ದಾಣದಲ್ಲಿ. ನಮ್ಮ ಬಸ್ಸಿನಿಂದ ಚಂದ್ರಿ ಇಳಿದಳು, ಸುರಪುರದ ಬಸ್ಸಿನಿಂದ ದೇವಮ್ಮ ಇಳಿದಳು. ಅವ್ವ ಚಂದ್ರಿಗೆ ಉಡಿ ತುಂಬಿದಳು. ನಾನು ಯಾದಗಿರಿಯ ಅಂಗಡಿಗಳನ್ನೆಲ್ಲ ಸುತ್ತಿ ಆರಿಸಿದ ಕಬ್ಬಿಣದ ಚಿಲಕವನ್ನು ಹಣಮಂತನ ಕೈಗೆ ಕೊಟ್ಟೆ. ಅವನು ತಿರುವಿ ನೋಡಿ, “ಭಾಳ ಗಟ್ಟಿ ಅದ” ಎಂದು ಮೆಚ್ಚಿಕೊಂಡ. ಇಬ್ಬರು ಹೆಂಗಸರು ಎದುರು ಬದುರು ನಿಂತರು. ದೇವಮ್ಮ ಅಳುತ್ತಿದ್ದಳು. ಚಂದ್ರಿ ಮಳಿಗೆಯ ಕೀಲಿಯನ್ನು ಸೊಂಟದಿಂದ ತೆಗೆದು ಅವಳ ಕೈಯಲ್ಲಿಟ್ಟು, “ಹಸಿರು ಹೆಣ್ಣು ಮತ್ತ ಕಂದೀಲಿನ ಗಾಜಿನಾಗ ಬಿಟ್ಟೀನಿ. ನೀಲಿ ಗಂಡಿನ ಜೊತಿ ಮತ್ತ ಬಿಡಬ್ಯಾಡ, ಬಾಲ ಇನ್ನಾ ಕೂಡಿಲ್ಲ” ಎಂದಳು. ದೇವಮ್ಮ ಅವಳ ಕೈ ಬಿಡಲಿಲ್ಲ. ಕಂಡಕ್ಟರ್ ಸೀಟಿ ಊದಿದ. ಒಬ್ಬಳು ಇಳಿದ ಬಸ್ಸನ್ನು ಇನ್ನೊಬ್ಬಳು ಹತ್ತಿದಳು.

ಯಾದಗಿರಿಗೆ ಬರುವವರೆಗೂ ದೇವಮ್ಮ ನನ್ನ ಪಕ್ಕದಲ್ಲಿದ್ದಳು. ಇಷ್ಟು ತಿಂಗಳು ಅದೊಂದನ್ನೇ ಬಯಸಿದ್ದೆ. ಅವಳ ಕಡೆ ತಿರುಗಿ ನೋಡಲು ಆಗಲಿಲ್ಲ.

ದೀಪಾವಳಿಗೆ ಸಾಬಣ್ಣ ಕಾಕಾ ಹೋಗಿ ನೋಡಿ ಬಂದು, ಚಿಲಕ ಹೊಡೆದಿದ್ದಾರೆ, ಒಳಗಿನಿಂದಲೇ, ನಾನೇ ಹಾಕಿ ತೆಗೆದು ನೋಡಿದೆ ಎಂದ. ಎಳ್ಳಮಾವಾಸ್ಯೆಗೆ ಹಣಮಂತ ಹೊಲದ ಊಟಕ್ಕೆ ಕರೆದ. ನಾನು, ದೇವಮ್ಮ ಇಬ್ಬರೂ ಹೋದೆವು. ಹೊಲದಲ್ಲಿ ಜೋಳ ಎದೆಮಟ್ಟ ನಿಂತಿತ್ತು. ಹತ್ತಿ ಬಿಡಿಸುವುದು ಮುಗಿಯುತ್ತ ಬಂದಿತ್ತು. ಸಜ್ಜೆ ರೊಟ್ಟಿ, ಭಜ್ಜಿ ಪಲ್ಯ, ಎಳ್ಳು ಹಚ್ಚಿದ ಕಡುಬು. ಹಣಮಂತ ತಾನೇ ನಿಂತು ಬಡಿಸಿದ. ಚಂದ್ರಿ ಚೆನ್ನಾಗಿಯೇ ಇದ್ದಂತೆ ಕಂಡಳು. ಬಗ್ಗಿ ನೀರು ಕೊಡುವಾಗ ನೋಡಿದೆ. ಹರಿದದ್ದು ಒಂದು ಕಿವಿ, ಈಗ ಎರಡೂ ಬೋಳು. ಇನ್ನೊಂದು ಬೆಂಡೋಲೆಯನ್ನು ಅವಳೇ ತೆಗೆದಿಟ್ಟಿದ್ದಳು.

ಹೊಲದಿಂದ ಮನೆಗೆ ಬಂದ ಮೇಲೆ ಹಣಮಂತ ನನ್ನ ಕೈ ಹಿಡಿದು, “ಬರ್ರಿ ಮಾಮಾ, ನಿಮಗೊಂದು ತೋರಿಸ್ತೀನಿ” ಎಂದು ಬಾಜೂಕಿನ ಖೋಲಿಯ ಮುಂದೆ ನಿಲ್ಲಿಸಿದ. ಬಾಗಿಲು ತೆರೆದಿತ್ತು. ಮುಚ್ಚಲು ಬರುವಂತಿರಲಿಲ್ಲ. ನೆಲದಿಂದ ಜಂತಿಯವರೆಗೆ ಹತ್ತಿ. ಬೆಳ್ಳಗೆ, ಒತ್ತೊತ್ತಾಗಿ, ಹೊಸ್ತಿಲು ದಾಟಿ ಹೊರಗೆ ಉಕ್ಕಿತ್ತು.

“ನೀವು ಹೇಳಿದಂಗೇ ತಡದೀನಿ” ಎಂದ. “ಎಲ್ಲಾರೂ ಮಾರಿ ಕುಂತರು. ರೇಟು ಏರಾಕತ್ತದ. ನಿಮ್ಮ ಮಾತು ಖರೇ ಆತು ಮಾಮಾ.” ಅವನ ಕಣ್ಣಿನಲ್ಲಿ ನನ್ನ ಮೇಲೆ ಅಂಥ ಗೌರವ ನಾನು ಹಿಂದೆ ಕಂಡಿರಲಿಲ್ಲ.

ಬಾಗಿಲ ಹಿಂದಿನ ಹತ್ತಿಯೊಳಗೆ ಕೈ ಹಾಕಿದೆ. ಮೊಣಕೈವರೆಗೆ ಬೆಚ್ಚಗಿತ್ತು. ತಡಕಾಡಿದೆ. ಬೆರಳಿಗೆ ಕಬ್ಬಿಣ ತಣ್ಣಗೆ ತಗುಲಿತು. ಗಟ್ಟಿಯಾಗಿ ಹೊಡೆದಿದ್ದರು, ಅಲುಗಾಡುತ್ತಿರಲಿಲ್ಲ. ಈಗಲೇ ಮಾರಿಬಿಡು ಎನ್ನಬೇಕೆಂದು ಬಾಯಿಗೆ ಬಂತು. ದರ ಏರುತ್ತಿರುವಾಗ ಮಾರು ಎಂದು ಯಾವ ಬಾಯಿಂದ ಹೇಳಲಿ? ಬೇರೆ ಎಲ್ಲಾದರೂ ಇಡು ಎನ್ನಲು ಸುತ್ತ ನೋಡಿದೆ. ಪಡಸಾಲೆ, ಅಡುಗೆಮನೆ, ದನದ ಕೊಟ್ಟಿಗೆ. ಇನ್ನೆಲ್ಲಿ ಇಟ್ಟಾನು.

“ಚೊಲೋ ಮಾಡಿದಿ” ಎಂದೆ.

ಬಸ್ಸಿನವರೆಗೆ ಕಳಿಸಲು ಚಂದ್ರಿ ಬಂದಳು. ದೇವಮ್ಮ ಅವಳ ಸೊಂಟ ಬಳಸಿಕೊಂಡು ನಡೆಯುತ್ತಿದ್ದಳು. ಹತ್ತಿ ಬಿಡಿಸಿ ಚಂದ್ರಿಯ ಬೆರಳ ತುದಿಗಳು ಸೀಳಿದ್ದವು. ರಸ್ತೆಯ ಬದಿಯಲ್ಲಿ ನಿಂತಾಗ ನಾನು, “ಹತ್ತಿ ಹೋಗಲಿ. ಖೋಲಿ ಖಾಲಿ ಆಗ್ತದ” ಎಂದೆ.

“ಆಮ್ಯಾಲ ಜ್ವಾಳ ಬರ್ತದಣ್ಣಾ” ಎಂದಳು. “ಜ್ವಾಳ ಆದ ಮ್ಯಾಲ ಬೀಜ, ಗೊಬ್ಬರದ ಚೀಲ.” ದೂರುವ ದನಿಯಲ್ಲ. ಮಳಿಗೆಯಲ್ಲಿ ಯಾವ ಬಾಟಲಿಯಲ್ಲಿ ಏನಿದೆ ಎಂದು ಹೇಳುತ್ತಿದ್ದಳಲ್ಲ, ಅದೇ ದನಿ.

ರಸ್ತೆಯ ತಿರುವಿನಲ್ಲಿ ಬಸ್ಸಿನ ಧೂಳು ಕಾಣಿಸಿತು. ನಾನು ಏನಾದರೂ ಹೇಳುತ್ತೇನೆಂದು ದೇವಮ್ಮ ನನ್ನ ಮುಖ ನೋಡಿದಳು. ಚಂದ್ರಿಯೇ ಮಾತಾಡಿದಳು.

“ಹಸಿರು ಹೆಣ್ಣು ಬ್ಯಾರೆ ಇಟ್ಟೀಯಿಲ್ಲ?”

“ಇಟ್ಟೀನಿ. ಗಾಜಿನಾಗೇ ಅದ.”

“ಮ್ಯಾಲ ಮುಚ್ಚಬ್ಯಾಡಣ್ಣಾ” ಎಂದಳು. “ಉಸಿರಿಗಿ ಮ್ಯಾಲ ಬರ್ತದ.”